ಹೊಳೆ ದಡದಲ್ಲಿ ಬಚ್ಚಿಟ್ಟ ಡಬ್ಬಿ ಹುಡುಕುವುದು ಹೇಗೆ: ಒಗಟು, ಲೆಕ್ಕ, ಇಳಿತದ ಹೊತ್ತು

ಮೊದಲ ಸಲ ಹೋದಾಗ ನಾನು ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆ. ಒಂದು ಚಪ್ಪಲಿ ಕೆಸರಿನೊಳಗೇ ಉಳಿದಿತ್ತು. ಕೈಯಲ್ಲಿದ್ದ ಫೋನು ಮಾತ್ರ ಹುರುಪಿನಿಂದ ‘ಇನ್ನು 30 ಮೀಟರ್’ ಎಂದು ತೋರಿಸುತ್ತಿತ್ತು. ಆ 30 ಮೀಟರ್ ಮುಂದೆ ಇದ್ದದ್ದು ಹೊಳೆಯ ನಡುನೀರು. ದಡದಲ್ಲಿ ನಿಂತಿದ್ದ ಅಕ್ಕನ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಡಬ್ಬಿ ಇಟ್ಟವನು ನನ್ನ ಗೆಳೆಯ. ಜಾಗ ಕುಮಟಾ ತಾಲೂಕಿನ ಅಘನಾಶಿನಿ ಹೊಳೆಯ ದಡ. ಊರಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ಡಬ್ಬಿ ಇನ್ನೂ ಅಲ್ಲೇ ಇದೆ. ಮುಂದೆ ಬರುವ ಅಂಕಿಗಳನ್ನೂ ಬದಲಿಸಿದ್ದೇನೆ. ಅದನ್ನು ಹಿಡಿದುಕೊಂಡು ಹೋಗಿ ಯಾರದೋ ತೋಟದಲ್ಲಿ ಹುಡುಕಬೇಡಿ. ಲೆಕ್ಕ ಮಾಡುವ ರೀತಿ ಮಾತ್ರ ನಿಜವಾದದ್ದು.

ಆ ದಿನ ನನ್ನ ಲೆಕ್ಕದಲ್ಲಿ ಕೂಡಿಸುವ ಕಳೆಯುವ ತಪ್ಪು ಏನೂ ಇರಲಿಲ್ಲ. ಗೆಳೆಯ ಸುಳಿವು ಬರೆದದ್ದು ಜನವರಿಯ ಒಂದು ಬೆಳಿಗ್ಗೆ, ನೀರು ಇಳಿದಿದ್ದಾಗ. ನಾನು ಹೋದದ್ದು ನೀರು ತುಂಬಿದ್ದಾಗ. ಹೊಳೆ ಬದಿಯ ಸುಳಿವನ್ನು ಓದುವಾಗ ಬರೆದವನು ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ಅಲ್ಲಿ ನಿಂತಿದ್ದ ಎಂದು ಮೊದಲು ಕೇಳಿಕೊಳ್ಳಬೇಕು. ನನಗೆ ಇದು ಗೊತ್ತಾಗಲು ಒಂದು ಚಪ್ಪಲಿ ಖರ್ಚಾಯಿತು.

ಇದು ಎಂಥ ಆಟ

ಜಿಯೋಕ್ಯಾಶಿಂಗ್ ಗೊತ್ತಿದ್ದವರು ಈ ಭಾಗ ದಾಟಿ ಹೋಗಬಹುದು. ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕ್ಯಾಶ್ ಅಂದರೆ ದುಡ್ಡಲ್ಲ. ಬಚ್ಚಿಟ್ಟ ಡಬ್ಬಿ. ಒಬ್ಬರು ಒಂದು ಡಬ್ಬಿಯಲ್ಲಿ ಪುಟ್ಟ ಪುಸ್ತಕ ಹಾಕಿ ಎಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ. ಬೇರೆಯವರು ಜಿಪಿಎಸ್ ಹಿಡಿದು ಹುಡುಕುತ್ತಾರೆ, ಸಿಕ್ಕರೆ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಅಷ್ಟೇ.

ಆಟ ಶುರುವಾದದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಮೇ 2ಕ್ಕೆ ಅದನ್ನು ನಿಲ್ಲಿಸಿದರು. ಮರುದಿನವೇ, ಮೇ 3ರಂದು, ಡೇವ್ ಅಲ್ಮರ್ ಎಂಬಾತ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಜಾಗದ ಅಂಕಿಯನ್ನು ಅಂತರ್ಜಾಲದಲ್ಲಿ ಹಾಕಿದ. ಆ ಬಕೆಟ್‌ನಲ್ಲಿ ಒಂದು ಡಬ್ಬ ಬೀನ್ಸ್ ಕೂಡ ಇತ್ತಂತೆ. ಈಗ ತಿನ್ನುವ ವಸ್ತು ಹಾಕುವ ಹಾಗಿಲ್ಲ. ನಮ್ಮ ಕಡೆ ಹಾಕಿದರೆ ಇರುವೆ, ಮಂಗ, ಹೆಗ್ಗಣ ಮೂರೂ ನಮಗಿಂತ ಮೊದಲು ಹುಡುಕುತ್ತವೆ.

ಡಬ್ಬಿಗಳಲ್ಲಿ ಬಗೆಗಳಿವೆ. ಕೊಟ್ಟ ಅಂಕಿಯಲ್ಲೇ ಡಬ್ಬಿ ಇದ್ದರೆ ಅದು ಟ್ರೆಡಿಷನಲ್. ಒಂದು ಜಾಗದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸುಳಿವು ಹಿಡಿದು ಹೋಗಬೇಕಾದರೆ ಅದು ಮಲ್ಟಿ. ಹೊಳೆ ದಡಕ್ಕೆ ಮಲ್ಟಿಯೇ ಚಂದ. ಹೊಳೆ ತಾನೇ ದಾರಿ ತೋರಿಸುತ್ತದೆ, ಅಲ್ವಾ? ಈ ಬರಹ ಪೂರ್ತಿ ಮಲ್ಟಿ ಬಗ್ಗೆಯೇ.

ಮನೆಯಲ್ಲೇ ಮಾಡಬೇಕಾದದ್ದು

ಜಿಯೋಕ್ಯಾಶಿಂಗ್ ಆಪ್ ಹಾಕಿಕೊಂಡು ಹೆಸರು ನೋಂದಾಯಿಸಿ. ಡಬ್ಬಿಯ ಪುಟ ತೆರೆದರೆ ಎರಡು ಅಂಕ ಕಾಣುತ್ತವೆ, ಎರಡೂ 1ರಿಂದ 5ರವರೆಗೆ. ಒಂದು ಹುಡುಕುವ ಕಷ್ಟ, ಇನ್ನೊಂದು ನೆಲದ ಕಷ್ಟ. ನೆಲ 1 ಅಂದರೆ ಗಾಲಿಕುರ್ಚಿಯಲ್ಲೂ ಹೋಗಬಹುದು, 5 ಅಂದರೆ ದೋಣಿ, ಹಗ್ಗದಂಥ ಸಾಮಾನು ಬೇಕು. ಆದರೆ ಈ ಅಂಕಕ್ಕೆ ಋತು ಗೊತ್ತಿಲ್ಲ. ಜನವರಿಯಲ್ಲಿ ಕೊಟ್ಟ 2, ಜುಲೈಯಲ್ಲಿ ಸುಲಭವಾಗಿ 4 ಆಗುತ್ತದೆ. ಅದಕ್ಕೇ ಹಿಂದೆ ಹುಡುಕಿದವರು ಬರೆದ ಸಾಲುಗಳ ಕೆಳಗಿನ ತಾರೀಖು ನೋಡಿ. ಎಲ್ಲರಿಗೂ ನವೆಂಬರ್‌ನಿಂದ ಮೇ ಒಳಗೇ ಸಿಕ್ಕಿದ್ದರೆ, ಮಳೆಗಾಲದಲ್ಲಿ ಹೋದವರಿಗೆ ಸಿಕ್ಕಿಲ್ಲದಿದ್ದರೆ, ಅದೇ ಒಂದು ಸುಳಿವು.

ಡಬ್ಬಿಯ ಗಾತ್ರವನ್ನೂ ನೋಡಿಕೊಳ್ಳಿ. ಮೈಕ್ರೋ ಅಂದರೆ ಹಳೇ ಕ್ಯಾಮೆರಾ ರೀಲಿನ ಡಬ್ಬಿಯಷ್ಟು, 100 ಮಿಲಿಲೀಟರ್‌ಗಿಂತ ಕಡಿಮೆ. ಸ್ಮಾಲ್ ಅಂದರೆ ಒಂದು ಲೀಟರ್‌ವರೆಗೆ. ರೆಗ್ಯುಲರ್ ಅದಕ್ಕಿಂತ ದೊಡ್ಡದು, 20 ಲೀಟರ್‌ವರೆಗೆ. ಉಪ್ಪಿನಕಾಯಿ ಭರಣಿಯಷ್ಟು ದೊಡ್ಡದನ್ನು ಹುಡುಕಬೇಕಾ, ಹೆಬ್ಬೆರಳಿನಷ್ಟು ಚಿಕ್ಕದನ್ನಾ ಎಂದು ಗೊತ್ತಿಲ್ಲದೆ ಹೊರಟರೆ ಅರ್ಧ ದಿನ ಹಾಳು.

ಪುಟದ ಕೆಳಗೆ ಗಜಿಬಿಜಿ ಇಂಗ್ಲಿಷ್ ಅಕ್ಷರಗಳ ಒಂದು ಸಾಲು ಇರುತ್ತದೆ. ಅದು ಕೊನೆಯ ಸುಳಿವು. ಅಕಸ್ಮಾತ್ ಕಣ್ಣಿಗೆ ಬಿದ್ದು ಆಟ ಕೆಡಬಾರದು ಅಂತ ಅಕ್ಷರ ಅದಲುಬದಲು ಮಾಡಿರುತ್ತಾರೆ. ಇಂಗ್ಲಿಷ್ ಅಕ್ಷರಮಾಲೆಯ ಮೊದಲ 13 ಅಕ್ಷರ ಒಂದು ಸಾಲು, ಉಳಿದ 13 ಅದರ ಕೆಳಗೆ ಬರೆಯಿರಿ. ಮೇಲಿನದಕ್ಕೆ ಕೆಳಗಿನದು, ಕೆಳಗಿನದಕ್ಕೆ ಮೇಲಿನದು ಹಾಕುತ್ತಾ ಹೋದರೆ ಮಾತು ಬಿಚ್ಚಿಕೊಳ್ಳುತ್ತದೆ. ಆಪ್‌ನಲ್ಲಿ ಒಂದು ಸಲ ಒತ್ತಿದರೂ ಸಾಕು. ಆದರೆ ಮಕ್ಕಳು ಜೊತೆಗಿದ್ದರೆ ಕಾಗದದಲ್ಲೇ ಮಾಡಿಸಿ, ಅವರಿಗೆ ಡಬ್ಬಿಗಿಂತ ಇದೇ ಜಾಸ್ತಿ ಖುಷಿ.

ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಹೊಳೆ ದಡದಲ್ಲಿ ನೆಟ್‌ವರ್ಕ್ ಬರುತ್ತದೆ ಎಂಬ ನಂಬಿಕೆ ಬೇಡ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ನಕ್ಷೆಗೆ ಬೇಕು. ಚೀಲದಲ್ಲಿ ನೀರು, ಪವರ್ ಬ್ಯಾಂಕ್, ಪೆನ್ಸಿಲ್, ಒಂದು ಉದ್ದದ ಕೋಲು, ಫೋನಿಗೆ ಪ್ಲಾಸ್ಟಿಕ್ ಚೀಲ. ಕಾಲಿಗೆ ಹಿಂಬದಿ ಪಟ್ಟಿ ಇರುವ ಸ್ಯಾಂಡಲ್. ಹವಾಯಿ ಚಪ್ಪಲಿ ಬೇಡ, ಕಾರಣ ಆಗಲೇ ಹೇಳಿದ್ದೇನೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ವಿದೇಶದ ಗೆಳೆಯರ ಹತ್ತಿರ ಇರಬಹುದು. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಸಾಮಾನ್ಯ ಫೋನು ಸಾಕು.

ಅಂಕಿ ಓದುವಾಗ ಎಲ್ಲರೂ ಮುಗ್ಗರಿಸುವ ಜಾಗ

ಈ ಆಟದಲ್ಲಿ ಜಾಗವನ್ನು ಡಿಗ್ರಿ ಮತ್ತು ದಶಾಂಶದ ನಿಮಿಷದಲ್ಲಿ ಬರೆಯುತ್ತಾರೆ. ಉದಾಹರಣೆಗೆ ಉತ್ತರ 14° 29.412', ಪೂರ್ವ 74° 25.180'. ಇದು ಮಿರ್ಜಾನ್ ಸುತ್ತಿನ ಒಂದು ಬಿಂದು. ಫೋನಿನ ನಕ್ಷೆಗೆ ಬರೀ ಡಿಗ್ರಿ ಬೇಕಿದ್ದರೆ ನಿಮಿಷವನ್ನು 60ರಿಂದ ಭಾಗಿಸಬೇಕು. 29.412 ಭಾಗಿಸು 60 ಅಂದರೆ 0.4902. ಹಾಗಾಗಿ 14.4902. ಅದೇ ರೀತಿ 74.41967.

ಅವಸರದಲ್ಲಿ ಭಾಗಿಸದೆ 14.29412 ಮತ್ತು 74.25180 ಎಂದು ಹಾಕಿದರೆ ಏನಾಗುತ್ತದೆ? ಮಿರ್ಜಾನಿನಿಂದ ಸುಮಾರು 28 ಕಿ.ಮೀ. ದೂರ, ಹೊನ್ನಾವರದ ಎದುರಿಗೆ ಅರಬ್ಬಿ ಸಮುದ್ರದೊಳಗೆ ಹೋಗಿ ನಿಲ್ಲುತ್ತೀರಿ. ನಕ್ಷೆಯಲ್ಲಿ ನಿಮ್ಮ ಡಬ್ಬಿ ಮೀನುಗಳ ನಡುವೆ ಕಂಡರೆ ಕಾರಣ ಇದೇ.

ಇನ್ನೊಂದು ಅಂದಾಜು ತಲೆಯಲ್ಲಿರಲಿ. ನಿಮಿಷದ ಕೊನೆಯ ಅಂಕಿ, ಅಂದರೆ ಸಾವಿರದ ಒಂದು ಭಾಗ, ನಮ್ಮ ಜಿಲ್ಲೆಯಲ್ಲಿ ಉತ್ತರ-ದಕ್ಷಿಣಕ್ಕೆ ಸುಮಾರು 1.84 ಮೀಟರ್, ಪೂರ್ವ-ಪಶ್ಚಿಮಕ್ಕೆ ಸುಮಾರು 1.8 ಮೀಟರ್. ಕೊನೆಯ ಅಂಕಿ ಒಂದೆರಡು ತಪ್ಪಿದರೆ ತೊಂದರೆ ಇಲ್ಲ. ಮೊದಲ ದಶಾಂಶ ಒಂದು ತಪ್ಪಿದರೆ 180 ಮೀಟರ್ ಹೋಯಿತು. ಹೊಳೆ ದಡದಲ್ಲಿ 180 ಮೀಟರ್ ಅಂದರೆ ಆಚೆ ದಡ ಆಗಬಹುದು. ಆಚೆ ದಡಕ್ಕೆ ಸೇತುವೆ ಹತ್ತು ಕಿಲೋಮೀಟರ್ ದೂರ ಇರಬಹುದು.

ನೀರಿನ ಹೊತ್ತು

ಕರಾವಳಿಯ ಹೊಳೆಗಳಲ್ಲಿ ಸಮುದ್ರದ ಉಪ್ಪುನೀರು ಮೈಲುಗಟ್ಟಲೆ ಒಳಗೆ ಬರುತ್ತದೆ. ಅಘನಾಶಿನಿ, ಗಂಗಾವಳಿ, ಶರಾವತಿ, ಕಾಳಿ ಎಲ್ಲದರಲ್ಲೂ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 9ಕ್ಕೆ ಇಳಿತವಾದರೆ ನಾಳೆ 10ರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಏರಿಳಿತ ಕಡಿಮೆ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಬ್ಬರ ಇಳಿತದ ಮುನ್ಸೂಚನೆ ಕೊಡುತ್ತದೆ, ಕಾರವಾರ ಬಂದರಿನ ಹೊತ್ತು ಬೇರೆ ಆಪ್‌ಗಳಲ್ಲೂ ಸಿಗುತ್ತದೆ. ಆದರೆ ಅದು ಸಮುದ್ರ ಬಾಯಿಯ ಹೊತ್ತು. ಹೊಳೆಯೊಳಗೆ ಹೋದಷ್ಟೂ ನೀರು ತಡವಾಗಿ ಬರುತ್ತದೆ. ಎಷ್ಟು ತಡ ಎಂದು ಆಪ್ ಹೇಳುವುದಿಲ್ಲ. ದಡದಲ್ಲಿ ಬಲೆ ಸರಿಮಾಡುತ್ತಾ ಕೂತವರನ್ನು ಕೇಳಿ, ಪಂಚಾಂಗ ನೋಡದೆ ಹೇಳುತ್ತಾರೆ.

ನಾನು ಇಟ್ಟುಕೊಂಡ ನಿಯಮ ಇದು: ಇಳಿತಕ್ಕೆ ಎರಡು ಗಂಟೆ ಮುಂಚೆ ಹೊರಡು, ನೀರು ತಿರುಗಿದ ಕೂಡಲೇ ಮೇಲೆ ಬಾ. ಏರುವ ನೀರು ಆರು ಗಂಟೆಯೂ ಒಂದೇ ಸಮನೆ ಏರುವುದಿಲ್ಲ. ಮೊದಲ ಗಂಟೆ ನಿಧಾನ, ಕೊನೆಯ ಗಂಟೆ ನಿಧಾನ. ನಡುವಿನ ಎರಡು ಗಂಟೆಯಲ್ಲೇ ಅರ್ಧದಷ್ಟು ಏರಿಬಿಡುತ್ತದೆ. ‘ಇನ್ನೂ ಪಾದ ಮುಳುಗಿಲ್ಲ’ ಅಂದುಕೊಂಡು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹುಡುಕುತ್ತಾ ಕೂತರೆ ತಿರುಗಿ ನೋಡುವಾಗ ಬಂದ ದಾರಿ ಇರುವುದಿಲ್ಲ. ಕಾಂಡ್ಲಾ ಕೆಸರಿಗೆ ಹೇಗೂ ಇಳಿಯಬೇಡಿ. ಅದರ ಉಸಿರುಬೇರು ತುಳಿತಕ್ಕೆ ಮುರಿಯುತ್ತದೆ, ಅಲ್ಲಿನ ಚಿಪ್ಪು ಬ್ಲೇಡಿನ ಹಾಗೆ ಕಾಲು ಕುಯ್ಯುತ್ತದೆ. ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದ್ದು 2024ರ ಜನವರಿಯಲ್ಲಿ ಘೋಷಣೆಯಾಯಿತು. ಸರಿಯಾದ ಬುದ್ಧಿ ಇರುವವನು ಡಬ್ಬಿಯನ್ನು ಕಾಂಡ್ಲಾದೊಳಗೆ ಇಡುವುದಿಲ್ಲ. ಫೋನು ಅಲ್ಲಿಗೇ ಕರೆಯುತ್ತಿದೆ ಎಂದರೆ ಲೆಕ್ಕ ತಪ್ಪಿದೆ ಎಂದೇ ತಿಳಿಯಿರಿ.

ಮೊದಲ ಸುಳಿವು: ಒಗಟು ಬಿಡಿಸುವುದು

ಗೆಳೆಯ ಸುಳಿವುಗಳನ್ನು ಒಗಟಾಗಿ ಬರೆದಿದ್ದ. ಮೊದಲನೆಯದು ಹೀಗಿತ್ತು:

‘ಹೊಳೆ ಏರಿದರೆ ಬಾಗಿಲು ಮುಚ್ಚುವ, ಹೊಳೆ ಇಳಿದರೆ ಬಾಗಿಲು ತೆರೆಯುವ, ಗದ್ದೆ ಕಾಯುವ ಈ ಕಾವಲುಗಾರನಿಗೆ ಎಷ್ಟು ಕಣ್ಣು? ಅದು ಕ.’

ಪೇಟೆಯವರು ಇದನ್ನು ಓದಿ ಡ್ಯಾಮ್ ಅನ್ನುತ್ತಾರೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಗಜನಿ ಗದ್ದೆ ನೋಡಿದವರಿಗೆ ಉತ್ತರ ಥಟ್ಟನೆ ಹೊಳೆಯುತ್ತದೆ. ಹೊಳೆಗೂ ಗಜನಿಗೂ ನಡುವೆ ಒಡ್ಡು ಇರುತ್ತದೆ, ಒಡ್ಡಿನಲ್ಲಿ ನೀರು ಬಿಡುವ ಹಲಗೆ ಬಾಗಿಲು. ನಮ್ಮಲ್ಲಿ ಜಂತ್ರಡಿ ಅನ್ನುತ್ತಾರೆ. ಉಪ್ಪುನೀರು ಸಹಿಸುವ ಕಗ್ಗ ಭತ್ತ ಬೆಳೆಯುವುದು ಇಂಥ ಗದ್ದೆಗಳಲ್ಲೇ. ಕಣ್ಣು ಅಂದರೆ ನೀರು ಹೋಗುವ ಕಂಡಿ. ಸೇತುವೆಗೂ ನಾವು ಎಷ್ಟು ಕಣ್ಣು ಅಂತಲೇ ಕೇಳುತ್ತೇವಲ್ಲ. ಎಣಿಸಿದೆವು, ಮೂರು. ಕ = 3.

ಒಗಟಿನ ಸುಳಿವಿಗೆ ನನ್ನ ಕ್ರಮ ಹೀಗೆ. ಮೊದಲು ಅದರಲ್ಲಿ ಕೆಲಸ ಮಾಡುವ ಪದ ಯಾವುದು ನೋಡುವುದು. ಇಲ್ಲಿ ಮುಚ್ಚು, ತೆರೆ. ಆಮೇಲೆ ಆ ಸುತ್ತಿನಲ್ಲಿ ಆ ಕೆಲಸ ಮಾಡುವ ವಸ್ತು ಏನಿದೆ ಎಂದು ನೋಡುವುದು. ಕೊನೆಗೆ ಏನನ್ನು ಎಣಿಸಲು ಹೇಳಿದ್ದಾನೆ ಎಂಬುದು. ಕಣ್ಣು ಕೇಳಿದ್ದಾನಾ, ಹಲಗೆ ಕೇಳಿದ್ದಾನಾ? ಹಲಗೆ ಎಣಿಸಿದರೆ ಬೇರೆ ಅಂಕಿ ಬರುತ್ತದೆ. ಎಣಿಸಿದ ಮೇಲೆ ಫೋಟೊ ತೆಗೆದುಕೊಳ್ಳಿ. ಒಂದೂವರೆ ಕಿಲೋಮೀಟರ್ ನಡೆದ ಮೇಲೆ ‘ಮೂರಾ ನಾಲ್ಕಾ’ ಎಂಬ ಅನುಮಾನ ಬಂದರೆ ವಾಪಸ್ ನಡೆಯಬೇಕಾಗುತ್ತದೆ.

ಎರಡನೆಯದು: ನಾನು ಮುಳುಗಿದ ಸುಳಿವು

‘ಹುಟ್ಟು ಉಂಟು, ಸಾವಿಲ್ಲ. ದಿನಾ ದಾಟಿದರೂ ಊರು ಬಿಟ್ಟಿಲ್ಲ. ಅದು ನಿಲ್ಲುವಲ್ಲಿ, ಬಳಚು ಹೆಕ್ಕುವ ಹೊತ್ತಿಗೆ, ಮೆಟ್ಟಿಲು ಎಣಿಸು. ಅದು ಖ.’

ಇದನ್ನು ಬಿಡಿಸಿದ್ದು ಅಕ್ಕನ ಮಗಳು. ‘ಮಾಮಾ, ಹುಟ್ಟು ಅಂದ್ರೆ ದೋಣಿಯದ್ದು!’ ಎಂದು ಕುಣಿದಳು. ದೋಣಿ ನಿಲ್ಲುವ ಜಾಗ ಅಂದರೆ ತಾರಿ ಕಟ್ಟೆ. ಒಡ್ಡಿನ ಮೇಲೆ ಹೊಳೆಯ ಗುಂಟ ನಡೆದು ತಲುಪಿದೆವು. ಚಿರೆಕಲ್ಲಿನ ಮೆಟ್ಟಿಲು ನೀರಿಗೆ ಇಳಿದಿತ್ತು. ಎಣಿಸಿದೆ, ಏಳು. ಬಳಚು ಅಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪು. ಅದನ್ನು ಹೆಕ್ಕುವ ಹೊತ್ತು ಅನ್ನುವುದನ್ನು ಸುಮ್ನೆ ಪ್ರಾಸಕ್ಕೆ ಹಾಕಿದ್ದಾನೆ ಅಂದುಕೊಂಡೆ.

ಮುಂದಿನ ಜಾಗದ ಸೂತ್ರ ಹೀಗಿತ್ತು: ಉತ್ತರ 14° 29., ಅದರ ಮುಂದೆ ಕ+1, ಅದರ ಮುಂದೆ ಖ+1. ಪೂರ್ವ 74° 25.180'. ಕ+1 ಅಂದರೆ 4. ಖ+1 ಅಂದರೆ 8. ಬಂದದ್ದು 29.48. ದಶಾಂಶದ ಮುಂದೆ ಮೂರು ಅಂಕಿ ಬೇಕು, ಬಂದದ್ದು ಎರಡೇ. ಅಲ್ಲೇ ನಿಲ್ಲಬೇಕಿತ್ತು. ನಾನು ಜಾಣತನ ಮಾಡಿ ಕೊನೆಗೊಂದು ಸೊನ್ನೆ ಸೇರಿಸಿ 29.480 ಮಾಡಿದೆ. ಅದು ಹೊಳೆಯೊಳಗಿನ ಬಿಂದು. ಮುಂದಿನದು ನಿಮಗೆ ಗೊತ್ತು.

ಕೆಸರಿನಿಂದ ಎದ್ದು ತಾರಿ ಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದಾಗ ಒಬ್ಬರು ಅಜ್ಜ ಬಂದರು.

‘ಎಂತಾ ಕಳ್ಕಂಡ್ರಿ ತಮಾ?’

‘ಏನೂ ಇಲ್ಲ ಅಜ್ಜಾ, ಮೆಟ್ಟಿಲು ಎಷ್ಟುಂಟು ಅಂತ ನೋಡ್ತಿದ್ದೆ.’

ಅಜ್ಜ ನನ್ನ ಮುಖ ನೋಡಿದರು, ಕಾಲು ನೋಡಿದರು. ‘ಈಗ ಎಣಿಸಿದ್ರೆ ಎಲ್ಲಿ ಸಿಕ್ತದೆ? ನೀರಡಿಗೆ ನಾಲ್ಕುಂಟಲ್ಲ.’

ಏಳು ಮತ್ತು ನಾಲ್ಕು ಹನ್ನೊಂದು. ಬಳಚು ಹೆಕ್ಕಲು ಜನ ಹೊಳೆಗೆ ಇಳಿಯುವುದು ನೀರು ಪೂರ್ತಿ ಇಳಿದಾಗ. ಗೆಳೆಯ ಹೊತ್ತನ್ನು ಸುಳಿವಿನೊಳಗೇ ಬರೆದಿದ್ದ. ಖ = 11, ಖ+1 = 12. ಉತ್ತರ 14° 29.412'. ನಾನು ಹೋಗಿ ನಿಂತ ಜಾಗಕ್ಕೆ ಹೋಲಿಸಿದರೆ ಸುಮಾರು 125 ಮೀಟರ್ ದಕ್ಷಿಣಕ್ಕೆ, ಗಟ್ಟಿ ನೆಲದಲ್ಲಿ. ಲೆಕ್ಕ ಬಿಡಿಸಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಅಂಕಿ ಮೂರು ಬಂತಾ? ಬಿಂದು ನೆಲದ ಮೇಲಿದೆಯಾ? ಸುಳಿವಿನಲ್ಲಿ ಬಳಸದೆ ಬಿಟ್ಟ ಪದ ಇದೆಯಾ? ಮೂರನೆಯದು ಮುಖ್ಯ. ಒಳ್ಳೆಯ ಸುಳಿವಿನಲ್ಲಿ ಪ್ರಾಸಕ್ಕೆ ಅಂತ ಏನೂ ಇರುವುದಿಲ್ಲ.

ಇನ್ನೊಂದು ಮಾತು. ಊರವರ ಹತ್ತಿರ ಸುಳ್ಳು ಹೇಳಿ ಗುಟ್ಟು ಮಾಡುವ ಚಟ ಈ ಆಟದವರಲ್ಲಿ ಇದೆ. ಆಟದ ಹೊರಗಿನವರಿಗೆ ಮಗಲ್ ಎಂಬ ಹೆಸರು ಬೇರೆ. ನಮ್ಮ ಹಳ್ಳಿಗಳಲ್ಲಿ ಇದು ನಡೆಯುವುದಿಲ್ಲ. ಫೋನು ಹಿಡಿದು ಪೊದೆ ಇಣುಕುವ ಅಪರಿಚಿತನನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಕೇಳಿದರೆ ನೇರವಾಗಿ ಹೇಳಿ, ಮಕ್ಕಳ ನಿಧಿ ಹುಡುಕಾಟದಂಥ ಆಟ ಎಂದು. ಬೈಯುವವರು ಕಡಿಮೆ, ತಾವೂ ಬಂದು ಹುಡುಕುವವರು ಜಾಸ್ತಿ.

ಮೂರನೆಯದು: ಸಂಕ, ದಿಕ್ಸೂಚಿ, ಅಳತೆ

ಮರುವಾರ ಇಳಿತ ನೋಡಿ ಹೋದೆವು. ಬಿಂದು ಕರೆದುಕೊಂಡು ಹೋದದ್ದು ಹೊಳೆಗೆ ಸೇರುವ ಒಂದು ಸಣ್ಣ ಹಳ್ಳಕ್ಕೆ. ಸುಳಿವು ಹೀಗಿತ್ತು:

‘ನಿಂತಾಗ ಹಣ್ಣು ಕೊಟ್ಟೆ, ಮಲಗಿ ದಾರಿ ಕೊಟ್ಟೆ, ಮಳೆ ಬಂದರೆ ನಾನಿಲ್ಲ. ನನ್ನ ನಡುವಿನಲ್ಲಿ ನಿಂತು 120 ಡಿಗ್ರಿ ನೋಡು, 85 ಮೀಟರ್ ನಡೆ.’

ಅಡಿಕೆ ಮರದ ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ. ಇಲ್ಲೂ ಹೊತ್ತಿನ ಮಾತೇ. ಮಳೆಗಾಲದ ನೀರಿಗೆ ಸಂಕ ಕೊಚ್ಚಿಹೋಗುತ್ತದೆ, ಮಳೆ ಮುಗಿದ ಮೇಲೆ ಹೊಸದು ಹಾಕುತ್ತಾರೆ. ಆಗಸ್ಟಿನಲ್ಲಿ ಬಂದವರಿಗೆ ಅಲ್ಲಿ ಎರಡು ಕಲ್ಲಿನ ಗೂಟ ಬಿಟ್ಟರೆ ಏನೂ ಕಾಣುವುದಿಲ್ಲ.

ದಿಕ್ಕು ಮತ್ತು ದೂರ ಕೊಟ್ಟಾಗ ಎರಡು ದಾರಿ. ದಿಕ್ಸೂಚಿ ಹಿಡಿದು ನಡೆಯುವುದು ಒಂದು. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270. 120 ಅಂದರೆ ಪೂರ್ವದಿಂದ ಸ್ವಲ್ಪ ದಕ್ಷಿಣಕ್ಕೆ. ಫೋನಿನ ದಿಕ್ಸೂಚಿಯನ್ನು ಮೊದಲು ಗಾಳಿಯಲ್ಲಿ ಎಂಟು ಬರೆದ ಹಾಗೆ ತಿರುಗಿಸಿ ಸರಿಮಾಡಿಕೊಳ್ಳಿ, ಹಿಂದೆ ಅಯಸ್ಕಾಂತ ಇರುವ ಕವರ್ ಇದ್ದರೆ ತೆಗೆಯಿರಿ. 5 ಡಿಗ್ರಿ ತಪ್ಪಿದರೆ 85 ಮೀಟರಿಗೆ 7 ಮೀಟರ್‌ಗೂ ಜಾಸ್ತಿ ಪಕ್ಕಕ್ಕೆ ಸರಿಯುತ್ತೀರಿ. ನೇರ ನಡೆಯಲು ತೋಟದ ಬೇಲಿ, ಕೇದಗೆ ಮುಳ್ಳು ಯಾವುದೂ ಬಿಡುವುದಿಲ್ಲ.

ಅದಕ್ಕೆ ಎರಡನೇ ದಾರಿ ವಾಸಿ, ಲೆಕ್ಕ ಹಾಕಿ ಬಿಂದು ಕಂಡುಹಿಡಿಯುವುದು. 85ನ್ನು 120ರ ಕೊಸೈನ್‌ನಿಂದ ಗುಣಿಸಿದರೆ ಮೈನಸ್ 42.5, ಅಂದರೆ 42.5 ಮೀಟರ್ ದಕ್ಷಿಣಕ್ಕೆ. ಸೈನ್‌ನಿಂದ ಗುಣಿಸಿದರೆ 73.6, ಅಂದರೆ ಅಷ್ಟು ಮೀಟರ್ ಪೂರ್ವಕ್ಕೆ. ಈಗ ಮೀಟರನ್ನು ನಿಮಿಷಕ್ಕೆ ಇಳಿಸಬೇಕು. 42.5 ಭಾಗಿಸು 1.84, ಸುಮಾರು 23. 73.6 ಭಾಗಿಸು 1.8, ಸುಮಾರು 41. ಹಾಗಾಗಿ 29.412ರಿಂದ 0.023 ಕಳೆದು 29.389. 25.180ಕ್ಕೆ 0.041 ಕೂಡಿಸಿ 25.221. ಕೊನೆಯ ಬಿಂದು ಉತ್ತರ 14° 29.389', ಪೂರ್ವ 74° 25.221'. ಆಪ್‌ಗಳಲ್ಲೂ ಈ ಲೆಕ್ಕ ಮಾಡುವ ಸೌಲಭ್ಯ ಇರುತ್ತದೆ. ಆದರೆ ಅಕ್ಕನ ಮಗಳು ಹತ್ತನೇ ಕ್ಲಾಸು, ತ್ರಿಕೋನಮಿತಿ ಎಂತಕ್ಕೆ ಬೇಕು ಎಂದು ಗೊಣಗುತ್ತಿದ್ದವಳು. ಅವಳ ಕೈಯಲ್ಲೇ ಮಾಡಿಸಿದೆ.

ಕೊನೆಯ ಹತ್ತು ಮೀಟರ್

ಬಯಲಿನಲ್ಲಿ ಫೋನಿನ ಜಿಪಿಎಸ್ 3ರಿಂದ 5 ಮೀಟರ್ ತಪ್ಪುತ್ತದೆ. ಅಡಿಕೆ ತೋಟದೊಳಗೆ, ದರೆಯ ಬುಡದಲ್ಲಿ 10 ಮೀಟರ್ ಮೇಲೂ ಹೋಗಬಹುದು. ಇಟ್ಟವನ ಫೋನೂ ಅಷ್ಟೇ ತಪ್ಪಿರುತ್ತದೆ. ಆದ್ದರಿಂದ ಹತ್ತು ಮೀಟರ್ ಬಂದ ಮೇಲೆ ಫೋನು ಜೇಬಿಗೆ ಹಾಕಿ. ಸೊನ್ನೆ ತೋರಿಸುವ ಜಾಗ ಹುಡುಕುತ್ತಾ ಗಾಣದ ಎತ್ತಿನ ಹಾಗೆ ಸುತ್ತುವವರನ್ನು ಎಷ್ಟೋ ನೋಡಿದ್ದೇನೆ. ಬೇಕಿದ್ದರೆ ಮೂರು ದಿಕ್ಕಿನಿಂದ ನಿಧಾನಕ್ಕೆ ನಡೆದು ಬನ್ನಿ, ಬಾಣದ ಗುರುತು ಮೂರೂ ಸಲ ಎಲ್ಲಿ ಕೂಡುತ್ತದೆ ಅಂತ ನೋಡಿ. ಅದೇ ನಿಮ್ಮ ನಡುಬಿಂದು.

ಆಮೇಲೆ ಇಟ್ಟವನ ಹಾಗೆ ಯೋಚಿಸುವುದು. ಮಳೆಗಾಲದ ನೀರು ಎಲ್ಲಿಯವರೆಗೆ ಬರುತ್ತದೆ? ಮರದ ಕಾಂಡದಲ್ಲಿ ಕೆಸರಿನ ಗೆರೆ, ಬೇಲಿಗೆ ಸಿಕ್ಕಿಕೊಂಡ ಒಣಹುಲ್ಲು ಆ ಎತ್ತರ ಹೇಳುತ್ತವೆ. ಡಬ್ಬಿ ಅದಕ್ಕಿಂತ ಮೇಲೇ ಇರಬೇಕು. ನೆಲದಲ್ಲಿ ಹುಗಿಯುವುದು ಆಟದ ನಿಯಮಕ್ಕೆ ವಿರುದ್ಧ, ಹಾಗಾಗಿ ಅಗೆಯುವ ಪ್ರಶ್ನೆಯೇ ಇಲ್ಲ. ಉಳಿದದ್ದು ಮರದ ಪೊಟರೆ, ಬೇರಿನ ಸಂದು, ಕಲ್ಲಿನ ಪಾಗಾರ. ಪ್ರಕೃತಿ ಕಲ್ಲುಗಳನ್ನು ಸಾಲಾಗಿ ಜೋಡಿಸುವುದಿಲ್ಲ. ಒಂದೇ ಕಡೆ ಮೂರು ಚಪ್ಪಟೆ ಕಲ್ಲು, ಸುತ್ತ ಪಾಚಿ ಇದ್ದು ಒಂದಕ್ಕೆ ಮಾತ್ರ ಇಲ್ಲದಿದ್ದರೆ ಅಲ್ಲಿ ಯಾರದೋ ಕೈ ಆಡಿದೆ.

ಕೈ ಹಾಕುವ ಮೊದಲು ಕೋಲು ಹಾಕಿ. ಪಾಗಾರದ ಸಂದು ನಮಗಿಂತ ಮೊದಲು ಹಾವಿಗೆ ಸೇರಿದ್ದು. ಟಾರ್ಚ್ ಬಿಟ್ಟು ನೋಡಿ, ಕೋಲಿನಿಂದ ತಟ್ಟಿ, ಆಮೇಲೆ ಕೈ.

ಬಿಂದು ನಾಗಬನದ ಹತ್ತಿರವೋ, ಚೌಡಿ ಕಟ್ಟೆ, ಜಟಕನ ಕಲ್ಲಿನ ಹತ್ತಿರವೋ ಬಿದ್ದರೆ ಅಲ್ಲಿ ಏನನ್ನೂ ಸರಿಸಬೇಡಿ. ಅಲ್ಲಿ ಡಬ್ಬಿ ಇದ್ದರೆ ಇಟ್ಟವನದೇ ತಪ್ಪು. ಇಟ್ಟವನಿಗೆ ಬರೆದು ತಿಳಿಸಿ, ವಾಪಸ್ ಬನ್ನಿ.

ನಮ್ಮ ಡಬ್ಬಿ ಇದ್ದದ್ದು ಹಾಳುಬಿದ್ದ ಚಿರೆಕಲ್ಲಿನ ಪಾಗಾರದಲ್ಲಿ. ಲೆಕ್ಕದ ಬಿಂದುವಿಗಿಂತ ಆರು ಹೆಜ್ಜೆ ಆಚೆ, ಎದೆಯೆತ್ತರಕ್ಕೆ. ಒಂದು ಕಲ್ಲಿನ ಬಣ್ಣ ಮಾತ್ರ ಬೇರೆ ಇತ್ತು. ಕಂಡದ್ದು ಯಾರಿಗೆ ಎಂದು ಹೇಳಬೇಕಾಗಿಲ್ಲ, ಅವಳ ಕೂಗಿಗೆ ಪಕ್ಕದ ತೋಟದ ನಾಯಿ ಅರ್ಧ ಗಂಟೆ ಬೊಗಳಿತು.

ಸಿಗದೇ ಹೋದರೆ

ಒಂದು ಗಂಟೆ ಮಿತಿ ಹಾಕಿಕೊಳ್ಳಿ. ಸಿಗದಿದ್ದರೆ ಸಿಗಲಿಲ್ಲ ಎಂದೇ ದಾಖಲಿಸಿ. ನಾಚಿಕೆಯಿಂದ ಬರೆಯದೆ ಬಿಟ್ಟರೆ ಡಬ್ಬಿ ಕಳೆದುಹೋಗಿರುವುದು ಇಟ್ಟವನಿಗೆ ಗೊತ್ತಾಗುವುದೇ ಇಲ್ಲ. ಬರೆಯುವಾಗ ಹೋದ ಹೊತ್ತು, ನೀರಿನ ಮಟ್ಟ ಸೇರಿಸಿ. ನನ್ನ ಮೊದಲ ಸಾಲು ಹೀಗಿದೆ: ‘ಸಿಗಲಿಲ್ಲ. ಭರತದ ಹೊತ್ತು. ಒಂದು ಚಪ್ಪಲಿ ಹೊಳೆಗೆ ಅರ್ಪಣೆ.’

ಕಾಳಿ ದಡ, ಘಟ್ಟದ ಮೇಲೆ

ಬೇರೆ ಹೊಳೆಗೆ ಹೋದರೆ ಹೊತ್ತಿನ ಲೆಕ್ಕವೂ ಬೇರೆ. ಕಾಳಿ, ಶರಾವತಿ ಎರಡಕ್ಕೂ ಮೇಲೆ ಅಣೆಕಟ್ಟುಗಳಿವೆ. ಕದ್ರಾ ಕೆಳಗೆ, ಗೇರುಸೊಪ್ಪೆ ಕೆಳಗೆ ಮಳೆಯೇ ಇಲ್ಲದ ದಿನವೂ ನೀರು ಏರಬಹುದು. ಸೈರನ್ ಕೇಳಿದರೆ ಡಬ್ಬಿ ಮರೆತು ಮೇಲೆ ಹತ್ತಿ. ದಾಂಡೇಲಿ ಸುತ್ತ ಕಾಳಿಯಲ್ಲಿ ಮೊಸಳೆಗಳಿವೆ, ನೀರಂಚಿನಲ್ಲಿ ಹುಡುಕಾಟ ಬೇಡವೇ ಬೇಡ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆ ಇರುವ ಕಡೆ ಡಬ್ಬಿ ಇಡುವುದೂ ಹುಡುಕುವುದೂ ಬೇಡ. ಫೋಟೊ ತೆಗೆಯುತ್ತಾ, ಅಂಕಿ ಬರೆದುಕೊಳ್ಳುತ್ತಾ ಅಲೆಯುವವನು ಅಲ್ಲಿ ಏನು ಉತ್ತರ ಕೊಟ್ಟರೂ ಕಡಿಮೆಯೇ.

ಶಿರಸಿ ಕಡೆ ಉಬ್ಬರ ಇಳಿತ ಇಲ್ಲ, ಅಲ್ಲಿ ನೋಡಬೇಕಾದದ್ದು ತಿಂಗಳು. ಶಾಲ್ಮಲೆಯ ಸಹಸ್ರಲಿಂಗ ನೋಡಿದವರಿಗೆ ಗೊತ್ತು, ಬೇಸಿಗೆಯಲ್ಲಿ ಬಂಡೆ ಬಂಡೆಗೂ ಕಾಣುವ ಲಿಂಗಗಳು ಮಳೆಗಾಲದಲ್ಲಿ ನೀರಡಿ ಸೇರುತ್ತವೆ. ಅಲ್ಲಿ ಡಬ್ಬಿ ಇಡಬಾರದು, ಆದರೆ ಹೊಳೆ ಎಷ್ಟು ಮುಚ್ಚಬಲ್ಲದು ಎಂದು ಕಲಿಯಲು ಅದೇ ಒಳ್ಳೆಯ ಪಾಠ. ಮಳೆಗಾಲದಲ್ಲಿ ಉಂಬಳ ಹತ್ತುತ್ತವೆ, ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳಿ. ಉಂಬಳಕ್ಕಿಂತ ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದರೆ ನಡೆಯಲು ಹಿತವಾದ ತಿಂಗಳುಗಳೇ. ಸಿದ್ದಾಪುರ, ಶಿರಸಿ ಕಾಡಂಚಿಗೆ ಹೋಗುವವರು ಉದ್ದ ತೋಳು, ಉದ್ದ ಪ್ಯಾಂಟು ಹಾಕಿ. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ. ಎಲ್ಲಾದರೂ ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಬೇಡಿ.

ಡಬ್ಬಿ ತೆರೆದ ಮೇಲೆ

ಡಬ್ಬಿಯನ್ನು ಎತ್ತುವ ಮೊದಲು ಅದು ಹೇಗೆ ಇತ್ತು ಎಂದು ಒಂದು ಫೋಟೊ ತೆಗೆಯಿರಿ, ವಾಪಸ್ ಇಡುವಾಗ ಬೇಕಾಗುತ್ತದೆ. ತುಸು ದೂರ ಹೋಗಿ ತೆರೆಯಿರಿ, ಯಾರಾದರೂ ನೋಡಿದರೂ ಜಾಗ ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಆಟದ ಹೆಸರು, ತಾರೀಖು ಬರೆಯಿರಿ. ಪೆನ್ಸಿಲ್ ಯಾಕೆ ಅಂದೆ ಅಂದರೆ ನಮ್ಮ ಹವೆಯಲ್ಲಿ ಪೆನ್ನಿನ ಶಾಯಿ ಒಂದೇ ಮಳೆಗಾಲಕ್ಕೆ ನೀಲಿ ಮೋಡ ಆಗುತ್ತದೆ. ಒಳಗಿನ ಆಟಿಕೆ, ನಾಣ್ಯ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಅಥವಾ ಜಾಸ್ತಿಯದ್ದು ಇಡಿ. ಸಂಖ್ಯೆ ಕೊರೆದ ಬಿಲ್ಲೆ ಇದ್ದರೆ ಅದು ಟ್ರ್ಯಾಕೆಬಲ್, ಊರೂರು ತಿರುಗಲು ಬಿಟ್ಟದ್ದು. ಒಯ್ದರೆ ಮುಂದಿನ ಡಬ್ಬಿಗೆ ಹಾಕಬೇಕು, ಮನೆಯ ಶೋಕೇಸಿಗಲ್ಲ.

ನಾವು ಹೋದಾಗ ಪುಸ್ತಕದಲ್ಲಿ ನಮಗಿಂತ ಮುಂಚೆ ನಾಲ್ಕು ಹೆಸರು ಇದ್ದವು. ಮೂವರು ಹೆಸರಿನ ಮುಂದೆ ಮೆಟ್ಟಿಲ ಸಂಖ್ಯೆ ಬರೆದಿದ್ದರು, 11. ಒಬ್ಬರು ಮೊದಲು 9 ಬರೆದು ಹೊಡೆದು ಹಾಕಿದ್ದರು.

ಮುಚ್ಚುವ ಮೊದಲು ಮುಚ್ಚಳದ ರಬ್ಬರ್ ಬಳೆಯ ಮೇಲೆ ಬೆರಳು ಆಡಿಸಿ ನೋಡಿ. ಅಲ್ಲಿ ಒಂದು ಕಾಳು ಮರಳು ಕೂತಿದ್ದರೂ ನೀರು ಒಳಗೆ ಬರುತ್ತದೆ. ಪುಸ್ತಕವನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಹಳೇ ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಇದ್ದರೆ ಒಂದು ಸೇರಿಸಿ. ಬೇರೆ ಬಣ್ಣದ ಕಲ್ಲನ್ನು ಮೊದಲು ಇದ್ದ ಹಾಗೆಯೇ, ಪಾಚಿ ಹೊರಗೆ ಬರುವಂತೆ ಮುಚ್ಚಿ. ಆಮೇಲೆ ಹೊಳೆ ಕಡೆ ಒಮ್ಮೆ ನೋಡಿ, ನೀರು ತಿರುಗಿದೆಯಾ ಎಂದು.